ಷೇರು ಮಾರ್ಕೆಟ್‌ನ ‘ಬ್ಲೂ ಚಿಪ್’: ಈ ಹೆಸರು ಎಲ್ಲಿಂದ ಬಂತು?

ಹೊಸ_ಡಿಮ್ಯಾಟ್:
ಷೇರು ಇಡೋಕೆ ಡಿಮ್ಯಾಟ್ ಖಾತೆ ತೆರೆದಾಗಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, “ಮೊದಲು ಬ್ಲೂ ಚಿಪ್ ತಗೋ, ಮಿಕ್ಕಿದ್ದು ಆಮೇಲೆ”. ನಮ್ಮ ಚಿಕ್ಕಪ್ಪ ಎಮ್‌ಆರ್‌ಎಫ್ ತೋರಿಸಿ “ಒಂದು ಷೇರಿಗೇ ಲಕ್ಷದ ಮೇಲೆ, ಬ್ಲೂ ಚಿಪ್ ಅಂದ್ರೆ ಇದು ಕಣೋ” ಅನ್ನುತ್ತಾರೆ. ಆಫೀಸಿನ ಗೆಳೆಯನೊಬ್ಬ ಇದು ಕಂಪ್ಯೂಟರ್ ಚಿಪ್‌ನಿಂದ ಬಂದ ಹೆಸರು, ಟೆಕ್ ಕಂಪನಿಗಳಿಗೆ ಮಾತ್ರ ಹೇಳೋದು ಅಂತ ವಾದ ಮಾಡುತ್ತಾನೆ. ನಿಜವಾಗಿ ಹೆಸರು ಎಲ್ಲಿಂದ ಬಂತು? ಒಂದು ಕಂಪನಿ ಬ್ಲೂ ಚಿಪ್ ಹೌದೋ ಅಲ್ಲವೋ ಅಂತ ಯಾರಾದರೂ ತೀರ್ಮಾನ ಮಾಡುತ್ತಾರಾ?

ಮೂರೆಲೆ:
ಕಂಪ್ಯೂಟರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಜೂಜಿನ ಮೇಜಿನಿಂದ ಬಂದ ಮಾತು. ನಮ್ಮ ಕಡೆ ಕ್ಲಬ್‌ಗಳಲ್ಲಿ ರಮ್ಮಿ ಆಡುವವರು ದುಡ್ಡಿನ ಬದಲು ಕಾಯಿನ್ ಇಟ್ಟು ಆಡುತ್ತಾರಲ್ಲ, ಅಮೆರಿಕದ ಪೋಕರ್‌ನಲ್ಲಿ ಅದಕ್ಕೇ ಚಿಪ್ ಅನ್ನೋದು. ಹಳೇ ಸೆಟ್ಟುಗಳಲ್ಲಿ ಬಿಳಿ, ಕೆಂಪು, ನೀಲಿ ಮೂರೇ ಬಣ್ಣ. ಬಿಳಿ 1 ಡಾಲರ್ ಅಂತ ಇಟ್ಟುಕೊಂಡರೆ ಕೆಂಪು 5, ನೀಲಿ 10. ಹೆಚ್ಚು ಬೆಲೆ ನೀಲಿಗೆ.

ಷೇರಿಗೆ ಈ ಹೆಸರು ಅಂಟಿಸಿದ್ದು ಅಮೆರಿಕದ ಹಣಕಾಸು ಸುದ್ದಿ ಕಂಪನಿ ಡೌ ಜೋನ್ಸ್‌ನ ವರದಿಗಾರ ಆಲಿವರ್ ಗಿಂಗೋಲ್ಡ್ ಅಂತ ಆ ಕಂಪನಿಯಲ್ಲೇ ಹೇಳಿಕೊಂಡು ಬಂದಿದ್ದಾರೆ. 1923 ಅಥವಾ 24ರ ಮಾತು. ನ್ಯೂಯಾರ್ಕ್‌ನ ಒಂದು ಬ್ರೋಕರ್ ಆಫೀಸಿನಲ್ಲಿ ಟಿಕರ್ ಯಂತ್ರದ ಪಕ್ಕ ನಿಂತಿದ್ದನಂತೆ. ಆಗೆಲ್ಲ ಪರದೆ ಎಲ್ಲಿ ಬಂತು, ಕಟಕಟ ಅಂತ ಸಣ್ಣ ಕಾಗದದ ಪಟ್ಟಿ ಹೊರಗೆ ಬರುತ್ತಿತ್ತು, ಅದರ ಮೇಲೆ ರೇಟು ಅಚ್ಚಾಗಿರುತ್ತಿತ್ತು. ಅದರಲ್ಲಿ 200, 250 ಡಾಲರ್‌ಗೆ ಕೈ ಬದಲಾದ ಷೇರುಗಳು ಒಂದರ ಹಿಂದೆ ಒಂದು ಬಂದದ್ದು ನೋಡಿ, ಆಫೀಸಿಗೆ ಹೋಗಿ ಈ ‘ಬ್ಲೂ ಚಿಪ್’ ಷೇರುಗಳ ಬಗ್ಗೆ ಬರೆಯುತ್ತೇನೆ ಅಂದನಂತೆ. ಮನೆಮಂದಿಗೆಲ್ಲ ಭದ್ರ ಅಂತ ಹೇಳೋ ಷೇರಿಗೆ ಇಸ್ಪೀಟಿನ ಹೆಸರು, ನನಗಂತೂ ಇದು ಭಾರಿ ತಮಾಷೆ.

ಲೆಡ್ಜರ್ ಬುಕ್:
ಮೇಲಿನ ಕಥೆ ಪ್ರಕಾರ ನಿಮ್ಮ ಚಿಕ್ಕಪ್ಪ ಹೇಳೋದೇ ಮೂಲ ಅರ್ಥ, ಅಲ್ವಾ? ದುಬಾರಿ ಷೇರು, ಅಷ್ಟೇ. ಆದರೆ ಆ ಅರ್ಥ ಯಾವತ್ತೋ ಬದಲಾಗಿದೆ. ಈಗ ದೊಡ್ಡ ಕಂಪನಿ, ವರ್ಷಗಟ್ಟಲೆ ಲಾಭ ಮಾಡಿಕೊಂಡು ಬಂದಿರಬೇಕು, ಸಾಲ ಹತೋಟಿಯಲ್ಲಿರಬೇಕು, ಕಷ್ಟದ ವರ್ಷದಲ್ಲೂ ಡಿವಿಡೆಂಡ್ (ಷೇರುದಾರರಿಗೆ ಲಾಭದ ಪಾಲು) ಕೊಡುವ ತಾಕತ್ತಿರಬೇಕು, ಅಂಥದ್ದಕ್ಕೆ ಈ ಹೆಸರು.

ಒಂದು ಷೇರಿನ ರೇಟು ನೋಡಿ ಏನೂ ಹೇಳೋಕೆ ಆಗಲ್ಲ. ಇನ್ಫೋಸಿಸ್ ತಗೊಳ್ಳಿ. 2014, 2015, 2018, ಮೂರು ಸಲವೂ ಒಂದಕ್ಕೊಂದು ಬೋನಸ್ ಕೊಟ್ಟರು, ಅಂದ್ರೆ ಇದ್ದ ಪ್ರತಿ ಷೇರಿಗೂ ಇನ್ನೊಂದು ಪುಕ್ಕಟೆ. 2014ರ ಬೋನಸ್‌ಗೆ ಮುಂಚೆ 100 ಷೇರು ಇಟ್ಟುಕೊಂಡಿದ್ದವರ ಹತ್ತಿರ ಒಂದೂ ಖರೀದಿ ಮಾಡದೆ 800 ಆಯಿತು. ಪ್ರತಿ ಬೋನಸ್‌ಗೂ ರೇಟು ಸುಮಾರು ಅರ್ಧಕ್ಕೆ ಇಳಿಯಿತು, ಹಾಗಂತ ಕಂಪನಿ ಅರ್ಧ ಆಯಿತಾ? ಎಮ್‌ಆರ್‌ಎಫ್ ಒಳ್ಳೇ ಕಂಪನಿಯೇ, ಅದರ ಬಗ್ಗೆ ತಕರಾರಿಲ್ಲ. ಆದರೆ 2023ರ ಜೂನ್‌ನಲ್ಲಿ ಅದರ ರೇಟು ಲಕ್ಷ ದಾಟಿದ್ದು ಒಂದು ಷೇರನ್ನು ಹಲವು ಸಣ್ಣ ಷೇರುಗಳಾಗಿ ಒಡೆಯದೆ ಹಾಗೇ ಬಿಟ್ಟಿದ್ದರಿಂದ.

ಇನ್ನೂ ವಿಚಿತ್ರ ಬೇಕಾ? ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಅಂತ ಒಂದು ಕಂಪನಿ ಇದೆ. ಏಷ್ಯನ್ ಪೇಂಟ್ಸ್ ಷೇರು ಇಟ್ಟುಕೊಂಡು ಕೂತಿರೋದೇ ಅದರ ದೊಡ್ಡ ಆಸ್ತಿ. ರೇಟು 3 ರೂಪಾಯಿ 53 ಪೈಸೆ ಇತ್ತು, ಮಾರುವವರೇ ಇರಲಿಲ್ಲ. 2024ರ ಅಕ್ಟೋಬರ್ 29ರಂದು ವಿಶೇಷ ಹರಾಜು ನಡೆಸಿ ಸರಿಯಾದ ಬೆಲೆ ಹುಡುಕಿದಾಗ 2,36,250 ರೂಪಾಯಿಗೆ ನಿಂತಿತು. ಒಂದೇ ದಿನದಲ್ಲಿ ಎಮ್‌ಆರ್‌ಎಫ್‌ಗಿಂತ ದುಬಾರಿ! ಅದನ್ನು ಯಾರೂ ಬ್ಲೂ ಚಿಪ್ ಅನ್ನಲ್ಲ.

ಹೊಸ_ಡಿಮ್ಯಾಟ್:
ಸೂಪರ್, ಥ್ಯಾಂಕ್ಸ್. ಹಾಗಾದ್ರೆ ಷೇರು ಮಾರ್ಕೆಟ್ ಮೇಲೆ ಕಣ್ಣಿಡೋ ಸೆಬಿ ಪಟ್ಟಿ ಏನಾದ್ರೂ ಮಾಡುತ್ತಾ? ಮ್ಯೂಚುವಲ್ ಫಂಡ್ ಹೆಸರಲ್ಲೂ ಬ್ಲೂ ಚಿಪ್ ಅಂತ ನೋಡಿದ್ದೀನಿ.

ಕಟ್ಟಾ_ಓದುಗ:
ಬ್ಲೂ ಚಿಪ್ ಅನ್ನೋದಕ್ಕೆ ಸರ್ಕಾರಿ ಮುದ್ರೆ ಅಂತ ಯಾವುದೂ ಇಲ್ಲ, ಇದು ಬಾಯಿಮಾತು. ಸೆಬಿ 2017ರಲ್ಲಿ ಗೆರೆ ಎಳೆದದ್ದು ಲಾರ್ಜ್ ಕ್ಯಾಪ್‌ಗೆ: ಒಟ್ಟು ಮಾರುಕಟ್ಟೆ ಮೌಲ್ಯದಲ್ಲಿ (ಎಲ್ಲ ಷೇರುಗಳ ಒಟ್ಟು ಬೆಲೆ) ಮೊದಲ 100 ಕಂಪನಿ. ಪಟ್ಟಿಯನ್ನು ಮ್ಯೂಚುವಲ್ ಫಂಡ್ ಕಂಪನಿಗಳ ಸಂಘ ಆಂಫಿ ಆರು ತಿಂಗಳಿಗೊಮ್ಮೆ ಹಾಕುತ್ತದೆ. ಅದು ಗಾತ್ರದ ಲೆಕ್ಕ ಮಾತ್ರ, ಗುಣದ್ದಲ್ಲ.

ದೊಡ್ಡದು ಅಂತ ಕಣ್ಣು ಮುಚ್ಚಿ ನಂಬಿದವರಿಗೆ ಹೈದರಾಬಾದಿನ ಐಟಿ ಕಂಪನಿ ಸತ್ಯಂ ನೆನಪಿರಬೇಕು. 2009ರ ಜನವರಿ 7, ಲೆಕ್ಕದಲ್ಲಿ ಸುಳ್ಳು ತುಂಬಿದ್ದೇವೆ ಅಂತ ಅಧ್ಯಕ್ಷರೇ ಪತ್ರ ಬರೆದರು, ಆವತ್ತೇ ಷೇರು ಮುಕ್ಕಾಲು ಪಾಲಿಗಿಂತ ಜಾಸ್ತಿ ಬಿತ್ತು. ಅದು ಮುಂಬೈ ಷೇರು ಸೂಚ್ಯಂಕ ಸೆನ್ಸೆಕ್ಸ್‌ನ 30 ಕಂಪನಿಗಳಲ್ಲಿ ಒಂದಾಗಿತ್ತು! ಅಮೆರಿಕದಲ್ಲೂ ಅಷ್ಟೇ, 1896ರಲ್ಲಿ ಅಲ್ಲಿನ ಷೇರು ಸೂಚ್ಯಂಕ ಡೌ ಶುರುವಾದಾಗ ಇದ್ದ 12 ಕಂಪನಿಗಳಲ್ಲಿ ಜನರಲ್ ಎಲೆಕ್ಟ್ರಿಕ್ ಒಂದು, 2018ರಲ್ಲಿ ಅದನ್ನೂ ಹೊರಗೆ ಹಾಕಿದರು.

ಫಂಡ್ ವಿಷಯಕ್ಕೆ ಬಂದರೆ, ಹೆಸರು ಬಿಡಿ, ಅದು ಯಾವ ವರ್ಗದ್ದು ನೋಡಿ. ಲಾರ್ಜ್ ಕ್ಯಾಪ್ ವರ್ಗದ್ದಾದರೆ ಕನಿಷ್ಠ ಶೇ. 80ರಷ್ಟು ದುಡ್ಡು ಆ 100 ಕಂಪನಿಗಳಲ್ಲೇ ಇರಬೇಕು. ಮಿಕ್ಕ 20 ಎಲ್ಲಿ ಹಾಕಿದ್ದಾರೆ ಅಂತ ಫಂಡ್‌ನವರು ಹಾಕುವ ತಿಂಗಳ ವರದಿ, ಅಂದ್ರೆ ಫ್ಯಾಕ್ಟ್‌ಶೀಟ್‌ನಲ್ಲಿ ಸಿಗುತ್ತದೆ, ದುಡ್ಡು ಹಾಕೋಕೆ ಮುಂಚೆ ಅದನ್ನೊಮ್ಮೆ ತೆಗೆದು ನೋಡಿ.