ಮಳೆಗಾಲದಲ್ಲಿ ಹಳಬರು ಬಟ್ಟೆ, ಬೇಳೆಕಾಳು ಎಲ್ಲ ಹೆಂಗೆ ಕಾಪಾಡ್ತಿದ್ರು?

ತೋಟದಮನೆ ಸೊಸೆ:
ಎಲ್ರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದಿದ್ದು ಚನ್ನರಾಯಪಟ್ಟಣದ ಕಡೆ, ಮದುವೆ ಆಗಿ ಬಂದಿದ್ದು ಮೂಡಿಗೆರೆ ಹತ್ರ ತೋಟದ ಮನೆಗೆ. ಅತ್ತೆ ಇರೋವರ್ಗೂ ನಂಗೆ ಏನೂ ಗೊತ್ತಾಗ್ಲಿಲ್ಲ, ಅವರು ಹೋಗಿ ಎರಡು ವರ್ಷ ಆಯ್ತು, ಈಗ ಗೊತ್ತಾಗ್ತಿದೆ. ಹೋದ್ವರ್ಷ ಆರಿದ್ರಾ ಮಳೆ ಟೈಮಲ್ಲಿ ಬೀರು ತೆಗೆದ್ರೆ ನನ್ನ ಧಾರೆ ಸೀರೆ ಮಡಿಕೆ ಮೇಲೆಲ್ಲ ಬಿಳಿ ಬಿಳಿ ಬೂಷ್ಟು, ಇವ್ರ ಲೆದರ್ ಬೆಲ್ಟ್ ಹಸಿರಾಗಿತ್ತು. ತೊಗರಿಬೇಳೆ ಡಬ್ಬಿ ತುಂಬಾ ಹುಳ. ಯೂಟ್ಯೂಬ್ ನೋಡಿ ಬೇವಿನ ಸೊಪ್ಪು ತರಿಸಿ ಅಕ್ಕಿ ಡ್ರಮ್ಮಿಗೆ ಹಾಕಿದೆ, ಹದಿನೈದು ದಿನಕ್ಕೆ ಆ ಸೊಪ್ಪಿಗೇ ಬೂಷ್ಟು ಬಂತು ಕಣ್ರೀ! ನುಸಿಗುಳಿಗೆ ವಾಸನೆ ನಂಗೆ ಆಗಲ್ಲ, ತಲೆನೋವು. ಹಳಬರು ಯಾವಾಗ ಏನ್ ಮಾಡ್ತಿದ್ರು, ಗೊತ್ತಿರೋರು ದಯವಿಟ್ಟು ಹೇಳಿ.

ಕೊಪ್ಪದ ಅಮ್ಮ:
ಬೂಷ್ಟು ಬರದೆ ಏನಾಗುತ್ತೆ, ಹಸಿ ಸೊಪ್ಪು ಹಾಕಿದೀಯಲ್ಲ ಮಗಾ. ಬೇವಾಗ್ಲಿ ಲಕ್ಕಿ ಸೊಪ್ಪಾಗ್ಲಿ ನೆರಳಲ್ಲಿ ಒಣಗಿಸ್ಬೇಕು, ಕೈಯಲ್ಲಿ ಹಿಡಿದ್ರೆ ಪುಡಿ ಆಗೋ ಹಂಗೆ. ಇನ್ನೊಂದು, ಮಳೆಗಾಲದ ಕೆಲ್ಸ ಮಳೆಗಾಲದಲ್ಲಿ ಮಾಡೋದಲ್ಲ. ಜೂನ್ 7-8ಕ್ಕೆ ಮೃಗಶಿರಾ ಹುಟ್ಟುತ್ತೆ, ಅಷ್ಟರೊಳಗೆ ಸೌದೆ ಕೊಟ್ಟಿಗೆ ತುಂಬಿರ್ಬೇಕು, ಹಪ್ಪಳ ಸಂಡಿಗೆ ಡಬ್ಬಿ ಸೇರಿರ್ಬೇಕು, ಬೇಳೆಕಾಳು ಎಲ್ಲ ಬಿಸಿಲು ಕಂಡಿರ್ಬೇಕು. ನಮ್ಮತ್ತೆ ಬೇಳೆನ ಅಂಗಳದಲ್ಲಿ ಚಾಪೆ ಮೇಲೆ ಎರಡು ಮೂರು ದಿನ ಒಣಗಿಸಿ ಒಂದು ಕಾಳು ಹಲ್ಲಲ್ಲಿ ಕಚ್ಚಿ ನೋಡೋರು, ಟಕ್ ಅಂತ ಮುರೀಬೇಕು, ಮೆತ್ತಗೆ ಅನ್ನಿಸಿದ್ರೆ ಇನ್ನೊಂದು ದಿನ. ಮುರೀತು ಅಂತ ಬಿಸಿಬಿಸಿ ಇದ್ದಾಗ್ಲೇ ಡಬ್ಬಿಗೆ ತುಂಬ್ಬೇಡ, ಒಳಗೆ ಬೆವರುತ್ತೆ, ಅದೇ ಸಾಕು ಕೆಡೋಕೆ. ರಾತ್ರಿ ಮೊರದಲ್ಲೇ ಆರಕ್ಕೆ ಬಿಟ್ಟು ಬೆಳಗ್ಗೆ ಒಂದ್ಚೂರು ಹರಳೆಣ್ಣೆ ಕೈಗೆ ಹಚ್ಕೊಂಡು ಬೇಳೆಗೆಲ್ಲ ಸವರಿ ತುಂಬೋದು. ಎಣ್ಣೆ ಇದ್ರೆ ಹುಳ ಮೊಟ್ಟೆ ಇಡಲ್ಲ, ಇಟ್ರೂ ಮರಿ ಆಗಲ್ಲ.

ರೇಷ್ಮೆ ಸೀರೆಗೆ ಬಿಸಿಲು ಬೇಡ, ಬಣ್ಣ ಹೋಗುತ್ತೆ. ಜಗುಲಿ ನೆರಳಲ್ಲಿ ಹರವಿ, ಹಳೇ ಮಡಿಕೆ ಮೇಲೆ ಮಡಚದೆ ಬೇರೆ ಕಡೆ ಮಡಚಿ, ಮೆತ್ತಗಾಗಿರೋ ಹಳೇ ಪಂಚೆಯಲ್ಲಿ ಸುತ್ತಿ ಇಡು. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಒಗೆಯೋದಾದ್ರೆ ಅಂಟುವಾಳಕಾಯಿ, ಬೀಜ ತೆಗೆದು ರಾತ್ರಿ ನೆನೆಹಾಕಿ ಬೆಳಗ್ಗೆ ಕಿವುಚಿ ಸೋಸಿದ್ರೆ ನೊರೆ ಬರುತ್ತೆ. ಜರಿ ಜಾಸ್ತಿ ಇದ್ರೆ ಮಾತ್ರ ಮನೇಲಿ ನೀರಿಗೆ ಹಾಕೋಕೆ ಹೋಗ್ಬೇಡ.

ಸಕಲೇಶಪುರದವ:
ಅಮ್ಮ ಹೇಳಿದ್ದೆಲ್ಲ ಸರಿ, ಆದ್ರೆ ಅದಷ್ಟನ್ನೇ ಈಗಿನ ಮನೇಲಿ ಮಾಡಿದ್ರೆ ಸಾಲಲ್ಲ ಮಾರಾಯ್ರೆ. ನಮ್ಮ ಹಳೇ ಮನೇಲಿ ಜೂನಿಂದ ಸೆಪ್ಟೆಂಬರ್ ತನಕ ಬಚ್ಚಲೊಲೆ ಬೆಂಕಿ ಆರ್ತಾನೇ ಇರ್ಲಿಲ್ಲ, ರಾತ್ರಿ ದೊಡ್ಡ ಮರದ ಕುಂಟೆ ಒಂದು ತುರುಕಿ ಬೂದಿ ಮುಚ್ಚೋರು, ಬೆಳಗ್ಗೆ ಕೆದಕಿದ್ರೆ ಕೆಂಡ. ಆ ಶಾಖ, ಹೊಗೆ ಎರಡೂ ಅಟ್ಟ ಹತ್ತಿ ಹೆಂಚಿನ ಸಂದಿಯಲ್ಲಿ ಆಚೆ ಹೋಗೋದು, ಹೋಗ್ತಾ ಹೋಗ್ತಾ ಅಟ್ಟದ ಮೇಲಿನ ಕಾಳುಮೆಣಸು, ಬಿತ್ತನೆ ಬೀಜ, ಬುಟ್ಟಿ, ಕಂಬಳಿ ಎಲ್ಲಾನೂ ಒಣಗಿಸೋದು. ನಾವೇನ್ ಮಾಡಿದ್ವಿ? ಹೆಂಚು ತೆಗೆದು ಕಾಂಕ್ರೀಟ್ ಮೋಲ್ಡ್ ಹಾಕಿದ್ವಿ, ಗ್ಯಾಸ್ ತಂದ್ವಿ, ಗಾಳಿ ಆಡದ ಸ್ಲೈಡಿಂಗ್ ಕಿಟಕಿ. ಅನ್ನ ಬೇಯಿಸಿದ ಹಬೆ, ಹಾಲ್‌ನಲ್ಲಿ ಒಣಗಾಕಿದ ಬಟ್ಟೆ ನೀರು ಎಲ್ಲ ಮನೆ ಒಳಗೇ ಸುತ್ತುತ್ತೆ, ಕೊನೆಗೆ ಬೀರುವಿನಲ್ಲಿ ಹೋಗಿ ಕೂರುತ್ತೆ.

ಹಂಗಂತ ಹಳೇದೆಲ್ಲ ಚಿನ್ನ ಅಂತಲೂ ಅಲ್ಲ, ನಮ್ಮಜ್ಜಿ ಕಣ್ಣಲ್ಲಿ ಯಾವಾಗ್ಲೂ ನೀರು, ಕೆಮ್ಮಂತೂ ಸಾಯೋವರ್ಗೂ ಹೋಗ್ಲಿಲ್ಲ. ಮಕ್ಕಳ ಬಟ್ಟೆಗೆ ಅಗ್ಗಿಷ್ಟಿಕೆ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಒಣಗಿಸೋರು, ಅದನ್ನ ನೋಡಿ ಈಗಿನ ಮುಚ್ಚಿದ ರೂಮಲ್ಲಿ ಯಾರೂ ಕೆಂಡ ಇಡ್ಬೇಡಿ, ವಿಷಗಾಳಿ ತುಂಬಿ ಜೀವ ಹೋಗುತ್ತೆ. ನಾವು ಬೀರುವಿನ ಕೆಳಖಾನೆ ಖಾಲಿ ಮಾಡಿ 40 ವ್ಯಾಟಿನ ಹಳೇ ತರ ಬಲ್ಬು ಹಾಕಿದೀವಿ, ಬಟ್ಟೆಗೆ ತಾಗದ ಹಂಗೆ ಜಾಲರಿ ಕಟ್ಟಿ. ಎಲ್ಇಡಿ ಹಾಕಿದ್ರೆ ಉಪಯೋಗ ಇಲ್ಲ, ಬಿಸಿ ಬರಲ್ಲ. ಪರವಾಗಿಲ್ಲ, ಚೆನ್ನಾಗಿದೆ.

ಅರಸೀಕೆರೆ ರಾಗಿಮುದ್ದೆ:
ನಮ್ ಕಡೆ ಈ ತಾಪತ್ರಯನೇ ಇಲ್ಲ, ಮಳೆ ಬಂದ್ರೆ ಸಾಕು ಅಂತ ಕಾಯೋರು ನಾವು 😀 ನಮ್ ತಾತ ರಾಗಿನ ಹಗೇವಲ್ಲಿ, ಅಂದ್ರೆ ನೆಲದೊಳಗೆ ತೋಡಿದ ಗುಂಡೀಲಿ ಹಾಕೋರು, ಒಬ್ಬ ಮನುಷ್ಯ ಇಳಿಯೋಷ್ಟು ಬಾಯಿ, ಒಳಗೆ ಸುತ್ತ ರಾಗಿಹುಲ್ಲು, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು. ಗಾಳಿ ಆಡಲ್ಲ, ಹುಳ ಬದುಕಲ್ಲ, ವರ್ಷಗಟ್ಲೆ ಇರೋದು. ತೆಗೆದ ತಕ್ಷಣ ಯಾರೂ ಇಳಿಯಂಗಿಲ್ಲ, ಒಂದು ದಿನ ಬಾಯಿ ತೆಗೆದಿಟ್ಟು ಆಮೇಲೆ ಲಾಟೀನು ಇಳಿಬಿಡೋರು, ದೀಪ ಆರಿದ್ರೆ ಇನ್ನೂ ಕೆಟ್ಟ ಗಾಳಿ ಇದೆ ಅಂತ. ಅಕ್ಕಾ ನೀವು ಮೂಡಿಗೆರೇಲಿ ತೋಡಿದ್ರೆ ಅದು ಹಗೇವಾಗಲ್ಲ, ಬಾವಿ ಆಗುತ್ತೆ. ಬಿತ್ತನೆ ತೊಗರಿಗೆ ಮಾತ್ರ ಕೆಮ್ಮಣ್ಣು ಕಲಸಿ ಒಣಗಿಸಿ ಇಡಿ, ಕುಟ್ಟೆ ಹುಳ ಹಿಡಿಯಲ್ಲ.

ಬೆಂಗಳೂರ್ ವಾಸಿ:
ಎಲ್ಲ ಸರಿ ಸ್ವಾಮಿ, ಇಷ್ಟೆಲ್ಲ ಮಾಡ್ತಿದ್ದಿದ್ದು ಯಾರು? ಮನೇಲಿ ನಾಲ್ಕು ಹೆಂಗಸ್ರು, ತೋಟದ ಆಳುಗಳು. ಈಗ ಇರೋ ಒಬ್ಳು ಸೊಸೆ ಏನೇನ್ ಮಾಡ್ತಾಳೆ? ಡಿಹ್ಯುಮಿಡಿಫೈಯರ್ ತಗೊಳ್ಳಿ ಮೇಡಂ.

ತೋಟದಮನೆ ಸೊಸೆ:
ಸರ್, ನಮ್ಮಲ್ಲಿ ಮಳೆ ಜೋರಾದ್ರೆ ಮೂರು ದಿನ ಕರೆಂಟೇ ಇರಲ್ಲ, ಮಿಷನ್ ತಗೊಂಡು ಏನ್ ಮಾಡ್ಲಿ? ಬಲ್ಬಿಗೂ ಅದೇ ಕತೆ. ಕೆಲ್ಸ ಒಬ್ಳ ಕೈಲಾಗಲ್ಲ ಅಂದಿದ್ದು ಮಾತ್ರ ನಿಜ, ಇವ್ರಿಗೂ ಓದಿಸ್ದೆ.

ಸಕಲೇಶಪುರದ ಅಣ್ಣ, ನಿಮ್ಮ ಮಾತು ಓದಿ ಒಂದ್ ನಿಮಿಷ ಸುಮ್ನೆ ಕೂತ್ಬಿಟ್ಟೆ. ಅತ್ತೆ ಹೋದ್ಮೇಲೆ ನಾನೇ ಹಠ ಮಾಡಿ ಗೀಸರ್ ಹಾಕಿಸಿದ್ದು, ಹಂಡೆ ಒಲೆ ಅವತ್ತಿಂದ ಹಚ್ಚೇ ಇಲ್ಲ. ನಿನ್ನೆ ಇವ್ರನ್ನ ಬಚ್ಚಲ ಮೇಲಿನ ಅಟ್ಟ ಹತ್ತಿಸಿ ಅತ್ತೆ ಟ್ರಂಕ್ ಇಳಿಸಿದ್ವಿ. ಮೇಲ್ಗಡೆ ಇದ್ದ ಕಂಬಳಿಗೆ ಈ ಎರಡು ವರ್ಷದ ಮುಗ್ಗಲು ವಾಸನೆ ಹಿಡಿದಿದೆ. ಅದರ ಕೆಳಗೆ ಪಂಚೆಯಲ್ಲಿ ಸುತ್ತಿರೋ ಅವರ ಸೀರೆಗೆ ಒಂದು ಚುಕ್ಕೆನೂ ಬಂದಿಲ್ಲ, ಮೂಸಿದ್ರೆ ಇನ್ನೂ ಹೊಗೆ ವಾಸನೆ ಬರುತ್ತೆ.

ಹಂಡೆ ಒಲೆ ಬಾಯಿ ಒಡೆದೋಗಿದೆ, ರಿಪೇರಿಗೆ ಹೇಳಿದೀವಿ. ಗೀಸರ್ ಇರ್ಲಿ ಬಿಡಿ, ಬೆಳಗ್ಗೆ ಐದಕ್ಕೆ ಎದ್ದು ಊದೋಕೆ ನನ್ ಕೈಲಾಗಲ್ಲ, ಸಂಜೆ ಹಚ್ತೀವಿ. ಕೊಪ್ಪದ ಅಮ್ಮ, ಈಗಾಗ್ಲೇ ಹುಳ ಬಿದ್ದಿರೋ ಬೇಳೆ ಒಣಗಿಸಿ ಎಣ್ಣೆ ಸವರಿದ್ರೆ ಆಗುತ್ತಾ, ಇಲ್ಲ ಕೋಳಿಗೆ ಹಾಕ್ಲಾ?

ಕೊಪ್ಪದ ಅಮ್ಮ:
ಕೋಳಿಗೆ ಹಾಕು ಮಗಾ.