ರೋಬೋ ಸ್ಪರ್ಧೆಯ ಆಟ: ಕೊನೆಯ ಸೆಕೆಂಡಿನವರೆಗೂ ಬಿಗಿ ಉಳಿಯುವಂತೆ ಅಂಕ ಹಂಚುವುದು ಹೇಗೆ?

ಪ್ರಶ್ನೆ
ಹೈಸ್ಕೂಲ್ ತಂಡಗಳಿಗೆ ಆಟ ರೂಪಿಸುತ್ತಿದ್ದೇವೆ. 2.4 ಮೀಟರ್ ಚೌಕದ ಅಂಕಣ, 2 ನಿಮಿಷದ ಪಂದ್ಯ, ಎದುರುಬದುರು ಒಂದೊಂದು ರೋಬೋ. ಮೊದಲ 20 ಸೆಕೆಂಡು ರಿಮೋಟ್ ಮುಟ್ಟುವಂತಿಲ್ಲ. 20 ಚೆಂಡು, ಬುಟ್ಟಿಗೆ ಬಿದ್ದರೆ ತಲಾ 2 ಅಂಕ. ನಡುವೆ ಒಂದು ಕ್ಯೂಬ್, ಮೊದಲು ತನ್ನ ಮನೆಗೆ ತಂದವರಿಗೆ 30. ಕೊನೆಗೆ ಇಳಿಜಾರು ಹತ್ತಿ ನಿಂತರೆ 5. ಎಲ್ಲಿ ಕೈಕೊಡಬಹುದು?

ಉತ್ತರ 1
ಕ್ಯೂಬ್‌ನಲ್ಲೇ ಕೈಕೊಡುತ್ತದೆ. ಒಂದು ಚೆಂಡು ಹಿಡಿದು ಹಾಕಿ ಮರಳಲು 12 ಸೆಕೆಂಡು ಎಂದುಕೊಳ್ಳಿ. 2 ನಿಮಿಷಕ್ಕೆ 10 ಸುತ್ತು, ಅಂದರೆ 20 ಅಂಕ. ಕ್ಯೂಬ್ ಕಳೆದುಕೊಂಡ ತಂಡ ಎಷ್ಟು ಚೆನ್ನಾಗಿ ಆಡಿದರೂ 30 ಮುಟ್ಟುವುದಿಲ್ಲ. ಗೆದ್ದ ತಂಡ ಬುಟ್ಟಿಗೆ ಅಡ್ಡ ನಿಂತರೆ ಪಂದ್ಯ ಅಲ್ಲಿಗೇ ಮುಗಿಯಿತು. ಕ್ಯೂಬ್‌ಗೆ 6 ಅಂಕ ಸಾಕು, ಅದೂ ಕೊನೆಯ ಸೀಟಿ ಊದಿದಾಗ ಯಾರ ಮನೆಯಲ್ಲಿದೆಯೋ ಅವರಿಗೆ. ಬುಟ್ಟಿಯ ಮುಂದಿನ 40 ಸೆಂ.ಮೀ. ಜಾಗದಲ್ಲಿ ಎದುರಾಳಿ ನಿಲ್ಲುವಂತಿಲ್ಲ ಎಂದು ಬರೆಯಿರಿ. ಗೋಡೆಗೆ ಒತ್ತಿಹಿಡಿದರೆ ರೆಫರಿ 5 ಎಣಿಸುವಷ್ಟರಲ್ಲಿ ಬಿಡಬೇಕು.

ಚೆಂಡಿಗೆ ಎರಡು ದಾರಿ ಕೊಡಿ. ನೆಲದ ಚೌಕಕ್ಕೆ ನೂಕಿದರೆ 1, ನೆಲದಿಂದ 20 ಸೆಂ.ಮೀ. ಮೇಲಿರುವ ಬುಟ್ಟಿಗೆ ಎತ್ತಿ ಹಾಕಿದರೆ 3. ಬರೀ ಗಾಲಿ, ಮುಂದೊಂದು ಹಲಗೆ ಇರುವ ರೋಬೋ ಕೂಡ ಒಂದೇ ಸಲಕ್ಕೆ ಮೂರು ಚೆಂಡು ನೂಕಿ 3 ಅಂಕ ಗಳಿಸುತ್ತದೆ. ಹೊಸ ತಂಡ ಸೊನ್ನೆಯೊಂದಿಗೆ ಮನೆಗೆ ಹೋಗುವುದಿಲ್ಲ. ಆದರೆ ನೆಲದಲ್ಲಿರುವುದನ್ನು ಎದುರಾಳಿ ಎತ್ತಿಕೊಂಡು ಹೋಗಬಹುದು ಎಂದಿಡಿ. ನೂಕುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಬಿಗಿ ಹುಟ್ಟುವುದೇ ಇಲ್ಲಿ.

ಉತ್ತರ 2
ಇಳಿಜಾರಿಗೆ 5 ಕಡಿಮೆ. ಹತ್ತಲು 15 ಸೆಕೆಂಡು ಹೋದರೆ ಬುಟ್ಟಿಯ ಒಂದು ಸುತ್ತು, 3 ಅಂಕ, ತಪ್ಪಿದಂತೆ. ಎರಡರಲ್ಲಿ ಒಂದು ಸಲ ಜಾರುವ ರೋಬೋಗೆ ಸರಾಸರಿ ಸಿಗುವುದು 2.5, ಹಾಗಾಗಿ ಯಾರೂ ಹತ್ತುವುದಿಲ್ಲ. 8 ಮಾಡಿ.

ಕೋನ 15 ಡಿಗ್ರಿ ಸಾಕು, ಮೇಲೆ ರಬ್ಬರ್ ಮ್ಯಾಟ್ ಅಂಟಿಸಿ. ನುಣುಪಾದ ಪ್ಲೈವುಡ್ ಮೇಲೆ ಗಾಲಿ ಸುತ್ತುತ್ತದೆ, ರೋಬೋ ಕದಲುವುದಿಲ್ಲ. ಮುಖ್ಯ ತೊಂದರೆ ತುದಿಯಲ್ಲಿ. ಇಳಿಜಾರು ಸಮತಟ್ಟಾಗುವ ಏಣಿನ ಮೇಲೆ ರೋಬೋದ ಹೊಟ್ಟೆ ಕೂತು ಗಾಲಿಗಳು ಗಾಳಿಯಲ್ಲಿ ತಿರುಗುತ್ತವೆ. ಹಿಂದುಮುಂದಿನ ಗಾಲಿಗಳ ನಡುವೆ 20 ಸೆಂ.ಮೀ. ಇದ್ದರೆ ಹೊಟ್ಟೆಯ ಕೆಳಗೆ ಸುಮಾರು 1.3 ಸೆಂ.ಮೀ. ತೆರವು ಬೇಕೇ ಬೇಕು. ಕೋನವನ್ನೂ ಏಣಿನ ಚಿತ್ರವನ್ನೂ ನಿಯಮದ ಜೊತೆಗೇ ಕೊಡಿ, ಮಕ್ಕಳು ಮೊದಲೇ ಲೆಕ್ಕ ಹಾಕಿಕೊಳ್ಳಲಿ.

ಉತ್ತರ 3
ಟೇಬಲ್ ಟೆನಿಸ್ ಚೆಂಡು ಬೇಡ. 2.7 ಗ್ರಾಂ ತೂಕ, ಫ್ಯಾನ್ ಗಾಳಿಗೇ ಉರುಳುತ್ತದೆ. ಟೆನಿಸ್ ಚೆಂಡಾದರೆ ಹೊರಮೈಯ ಜೂಲಿನಿಂದ ಇಟ್ಟಲ್ಲೇ ನಿಲ್ಲುತ್ತದೆ. ರಿಮೋಟ್ ಇಲ್ಲದ ಹೊತ್ತಿನಲ್ಲಿ ರೋಬೋ ಸೆನ್ಸರ್‌ನಿಂದ ನೋಡಿ ಸಾಗುವ ನೆಲದ ಗೆರೆಗೆ ಹೊಳಪಿಲ್ಲದ ಕಪ್ಪು ಟೇಪ್ ಹಾಕಿ. ಹೊಳೆಯುವ ಟೇಪ್ ಮೇಲೆ ದೀಪದ ಬೆಳಕು ಬಿದ್ದರೆ ಸೆನ್ಸರ್ ಅದನ್ನು ಬಿಳಿ ಎಂದೇ ಓದುತ್ತದೆ.

ಅಂಕಣ ಮತ್ತೆ ಜೋಡಿಸುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. 16 ತಂಡಕ್ಕೆ ತಲಾ 5 ಪಂದ್ಯ ಎಂದರೆ 40 ಪಂದ್ಯ. ಜೋಡಣೆ ಒಂದು ನಿಮಿಷ ಹೆಚ್ಚಾದರೆ ದಿನ 40 ನಿಮಿಷ ಉದ್ದವಾಗುತ್ತದೆ.