ಬ್ಲಡ್ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಆದರೂ ಸೆಪ್ಸಿಸ್ ಹೇಗೆ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ತಂದೆಯವರಿಗೆ 72 ವರ್ಷ, ಸಕ್ಕರೆ ಕಾಯಿಲೆಯಿದೆ. ಕಳೆದ ತಿಂಗಳು ಮೂತ್ರದ ಸೋಂಕಿನಿಂದ ಚಳಿಜ್ವರ ಬಂದು, ಮರುದಿನವೇ ಬಿಪಿ ಕುಸಿದು ಐಸಿಯು ಸೇರಿದರು. ‘ರಕ್ತಕ್ಕೆ ನಂಜೇರಿದೆ’ ಎಂದರು. ಆದರೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿದ್ದು ಮೂತ್ರದಲ್ಲಿ ಮಾತ್ರ. ರಕ್ತದಲ್ಲಿ ಕ್ರಿಮಿ ಇದೆಯೇ ಎಂದು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ರಕ್ತದಲ್ಲಿ ಕ್ರಿಮಿಯೇ ಇಲ್ಲದೆ ನಂಜೇರುವುದು ಹೇಗೆ?

ಉತ್ತರ: ನಮಸ್ಕಾರ. ಗೊಂದಲದ ಅರ್ಧ ಪಾಲು ‘ನಂಜೇರಿದೆ’ ಎಂಬ ನಮ್ಮ ವಾರ್ಡುಗಳ ರೂಢಿಮಾತಿನಿಂದಲೇ ಬಂದದ್ದು. 2016ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಪ್ರಕಾರ, ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹತೋಟಿ ತಪ್ಪಿ, ತನ್ನದೇ ಅಂಗಗಳಿಗೆ ಪ್ರಾಣಾಪಾಯದ ಹಾನಿ ಮಾಡುವುದೇ ಸೆಪ್ಸಿಸ್. ಬ್ಯಾಕ್ಟೀರಿಯಾ ಮೂತ್ರಪಿಂಡದಲ್ಲೇ ಉಳಿದರೂ ಇದು ಸಾಧ್ಯ. ರಕ್ತ ತೆಗೆಯುವ ಮೊದಲೇ ಆಂಟಿಬಯೋಟಿಕ್ ಕೊಟ್ಟಿದ್ದರೂ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು.

ಇ. ಕೋಲಿಯ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ಅಂಶವಿದೆ. ಸೋಂಕಿನ ವಿರುದ್ಧ ಕಾವಲು ಕಾಯುವ ನಮ್ಮ ಮ್ಯಾಕ್ರೋಫೇಜ್ ಕಣಗಳು ಟಿಎಲ್‌ಆರ್4 ಎಂಬ ಗ್ರಾಹಕದಿಂದ ಅದನ್ನು ಗುರುತಿಸುತ್ತವೆ. ಈ ಗುರುತು ಹುಟ್ಟಿನಿಂದಲೇ ಬಂದದ್ದು, ಲಸಿಕೆಯಾಗಲಿ ಹಿಂದಿನ ಸೋಂಕಾಗಲಿ ಕಲಿಸಬೇಕಿಲ್ಲ. ವಿಜ್ಞಾನಿ ಬ್ರೂಸ್ ಬ್ಯೂಟ್ಲರ್ ಅವರ ತಂಡ 1998ರಲ್ಲಿ ಇದನ್ನು ಪತ್ತೆ ಮಾಡಿದ್ದು ಒಂದು ವಿಚಿತ್ರ ತಳಿಯ ಇಲಿಗಳಿಂದ. ಬೇರೆ ಇಲಿಗಳನ್ನು ಕೊಲ್ಲುವಷ್ಟು ಎಂಡೋಟಾಕ್ಸಿನ್ ಚುಚ್ಚಿದರೂ ಈ ತಳಿಯವು ಬದುಕುತ್ತಿದ್ದವು, ಆದರೆ ಸಾಲ್ಮೊನೆಲ್ಲಾ ಸೋಂಕಿಗೆ ಸುಲಭವಾಗಿ ಬಲಿಯಾಗುತ್ತಿದ್ದವು; ಅವುಗಳ ಟಿಎಲ್‌ಆರ್4 ಕೆಟ್ಟಿತ್ತು. ಕಾಯುವುದೂ ಕೊಲ್ಲುವುದೂ ಅದೇ ಗ್ರಾಹಕ.

ಗುರುತು ಸಿಕ್ಕೊಡನೆ ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್ ಮುಂತಾದ ಸೈಟೊಕೈನ್‌ಗಳನ್ನು, ಅಂದರೆ ಉರಿಯೂತ ಎಬ್ಬಿಸುವ ಸಂದೇಶ ಪ್ರೋಟೀನ್‌ಗಳನ್ನು, ಸುರಿಸುತ್ತವೆ. ರಕ್ತನಾಳ ಹಿಗ್ಗಿ, ಒಳಪದರ ಸಡಿಲಗೊಂಡು, ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಹೊರನುಗ್ಗುತ್ತವೆ. ಬೆರಳಿನ ಕುರು ಕೆಂಪಾಗಿ, ಊದಿ, ಕೀವು ತುಂಬುವುದು ಹೀಗೆಯೇ. ಇದೇ ಕೆಲಸ ಮೈತುಂಬ ನಡೆದಾಗ ದ್ರವ ಸೋರಿ ಬಿಪಿ ಬೀಳುತ್ತದೆ. ಕೆಲವು ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಬೀಸಿ ಬ್ಯಾಕ್ಟೀರಿಯಾ ಹಿಡಿಯುತ್ತವೆ. ಆ ಬಲೆಗಳ ಸುತ್ತ ರಕ್ತ ಹೆಪ್ಪುಗಟ್ಟಿ ಸೂಕ್ಷ್ಮ ನಾಳಗಳು ಕಟ್ಟಿಕೊಂಡರೆ ಮೂತ್ರಪಿಂಡ, ಶ್ವಾಸಕೋಶಗಳು ಸೊರಗುತ್ತವೆ.

ಮರುಪ್ರಶ್ನೆ: ಹಾಗಿದ್ದರೆ ಆ ಪ್ರತಿಕ್ರಿಯೆಯನ್ನೇ ಔಷಧಿಯಿಂದ ತಡೆಯಬಾರದೇ?

ಉತ್ತರ: 1990ರ ದಶಕದಲ್ಲಿ ಟಿಎನ್‌ಎಫ್ ತಡೆಯುವ ಔಷಧಿಗಳನ್ನು ಪ್ರಯೋಗಿಸಿದರು, ನಿರೀಕ್ಷಿಸಿದಷ್ಟು ಜೀವಗಳು ಉಳಿಯಲಿಲ್ಲ. ರೋಗಿ ನಮ್ಮ ಕೈಗೆ ಬರುವ ಹೊತ್ತಿಗೆ ಟಿಎನ್‌ಎಫ್ ಏರಿ ಇಳಿದಿರುತ್ತದೆ, ಜೊತೆಜೊತೆಗೇ ರೋಗನಿರೋಧಕ ಶಕ್ತಿಯೂ ಬಳಲಿರುತ್ತದೆ. ದ್ರವ ಕೊಟ್ಟರೂ ಬಿಪಿ ಏರದೆ, ಏರಿಸುವ ಔಷಧಿಯ ಅಗತ್ಯ ಮುಂದುವರಿದಾಗ ದಿನಕ್ಕೆ 200 ಮಿ.ಗ್ರಾಂ. ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಡುವುದುಂಟು. ಉಳಿದಂತೆ ನಮ್ಮ ಆಧಾರ ಹಳೆಯದೇ: ಶಾಕ್ (ಬಿಪಿ ಅಪಾಯಕರವಾಗಿ ಕುಸಿದ ಸ್ಥಿತಿ) ಇದ್ದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್, ಮತ್ತು ಮೂತ್ರನಾಳ ಕಟ್ಟಿದ್ದರೆ ಅದನ್ನು ಬಿಡಿಸುವುದು.

ತಂದೆಯವರಿಗೆ ಮತ್ತೆ ಮೂತ್ರದ ಸೋಂಕಾದರೆ ಥರ್ಮಾಮೀಟರನ್ನು ಮಾತ್ರ ನಂಬಬೇಡಿ. ವಯಸ್ಸಾದವರಲ್ಲಿ ಜ್ವರ ಬಾರದೆಯೂ ಸೆಪ್ಸಿಸ್ ಆಗುತ್ತದೆ. ಉಸಿರು ನಿಮಿಷಕ್ಕೆ 22 ದಾಟಿದರೆ, ಮಾತು ತೊದಲಿದರೆ ಅಥವಾ ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ ಕರೆತನ್ನಿ.